ಬೂದಿ ಹೊಂಡದ ನೀರಿನಲ್ಲಿ ಕರಗಿರುವ ಲೋಹಗಳು: ಸುಣ್ಣ ಹಾಕಿದರೆ ಸಾಕೇ?

ಪ್ರಶ್ನೆ (ಪ್ರಯೋಗಾಲಯದ ಕಿರಿಯ ರಸಾಯನಜ್ಞ)

ಮಾನ್ಯರೇ, ನಾನು ಕಲ್ಲಿದ್ದಲಿನಿಂದ ನಡೆಯುವ ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ತಳಬೂದಿಯನ್ನೂ (ಕುಲುಮೆಯ ತಳದಲ್ಲಿ ಉಳಿಯುವ ಬೂದಿ) ಹಾರುಬೂದಿಯ (ಹೊಗೆಯೊಂದಿಗೆ ಹಾರುವ ನಯವಾದ ಬೂದಿ) ಒಂದು ಭಾಗವನ್ನೂ ನೀರಿನಲ್ಲಿ ಕಲಸಿ ಪೈಪಿನ ಮೂಲಕ ಬೂದಿ ಹೊಂಡಕ್ಕೆ ಬಿಡಲಾಗುತ್ತದೆ. ಬೂದಿ ತಳಕ್ಕಿಳಿದ ಮೇಲೆ ತಿಳಿನೀರಿನ ಬಹುಪಾಲು ಮರಳಿ ಸ್ಥಾವರಕ್ಕೇ ಬರುತ್ತದೆಯಾದರೂ, ಮಳೆಗಾಲದಲ್ಲಿ ಒಂದಿಷ್ಟು ನೀರು ಕೋಡಿ ಹರಿದು ಪಕ್ಕದ ಹಳ್ಳವನ್ನು ಸೇರುತ್ತದೆ. ತಿಂಗಳ ವರದಿಯಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) 8.2ರ ಆಸುಪಾಸಿನಲ್ಲಿರುತ್ತದೆ, ತೇಲುಘನಗಳೂ ಎಣ್ಣೆ-ಜಿಡ್ಡೂ ಮಿತಿಯೊಳಗೇ ಇರುತ್ತವೆ. ಆದರೆ ಈಚೆಗೆ ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದಾಗ ಬೋರಾನ್, ಆರ್ಸೆನಿಕ್ ಮತ್ತು ಸೆಲೆನಿಯಂ ಮೂರೂ ಕುಡಿಯುವ ನೀರಿನ ಮಿತಿಯನ್ನು ದಾಟಿರುವುದು ಕಂಡುಬಂದಿತು. ಹೊಂಡಕ್ಕೆ ಸುಣ್ಣ ಸುರಿದರೆ ಲೋಹಗಳೆಲ್ಲ ತಳಕ್ಕಿಳಿಯುತ್ತವೆ ಎಂಬುದು ನಮ್ಮ ಹಿರಿಯ ಅಧಿಕಾರಿಗಳ ಅಭಿಪ್ರಾಯ. ಇದು ಸರಿಯೇ? ವರದಿ ಮಿತಿಯೊಳಗಿರುವಾಗ ನಾನು ಈ ವಿಷಯವನ್ನು ಮುಂದಕ್ಕೆ ಒಯ್ಯುವುದು ಉಚಿತವೇ?

ಉತ್ತರ 1 (ನಿವೃತ್ತ ರಸಾಯನಜ್ಞ)

ಸುಣ್ಣ ಸುರಿಯುವ ಮೊದಲು ದಯವಿಟ್ಟು ತಡೆಯಿರಿ. ಸೀಸ, ಸತು, ತಾಮ್ರದಂತಹ ಲೋಹಗಳು ನೀರಿನಲ್ಲಿ ಧನ ಅಯಾನುಗಳಾಗಿ (ಧನ ವಿದ್ಯುದಾವೇಶದ ಕಣಗಳಾಗಿ) ಇರುವುದರಿಂದ ಪಿಎಚ್ ಏರಿದಂತೆ ಕರಗದ ಹೈಡ್ರಾಕ್ಸೈಡ್‌ಗಳಾಗಿ ತಳಕ್ಕಿಳಿಯುತ್ತವೆ. ನಿಮ್ಮ ಹಿರಿಯರು ಕಂಡಿರುವುದು ಈ ಅನುಭವವನ್ನೇ ಇರಬೇಕು. ಆರ್ಸೆನಿಕ್ ಮತ್ತು ಸೆಲೆನಿಯಂ ಹಾಗಲ್ಲ. ಅವು ಆಮ್ಲಜನಕದೊಂದಿಗೆ ಕೂಡಿ ಋಣ ಅಯಾನುಗಳಾಗಿ ಓಡಾಡುತ್ತವೆ. ಪಿಎಚ್ 8ರಿಂದ 9, 10ರತ್ತ ಸರಿದಾಗ ಬೂದಿಯ ಕಣಗಳ ಮೇಲಿರುವ ಕಬ್ಬಿಣದ ಆಕ್ಸೈಡ್ ಪದರವೂ ಋಣ ಆವೇಶ ಪಡೆಯುವುದರಿಂದ, ಅದುವರೆಗೆ ಅಂಟಿಕೊಂಡಿದ್ದ ಆರ್ಸೆನಿಕ್ ಕೂಡ ಬಿಡುಗಡೆಯಾಗಿ ನೀರಿಗೆ ಬರಬಹುದು. ಜೊತೆಗೆ ಹೊರಬಿಡುವ ನೀರಿನ ಪಿಎಚ್‌ಗಿರುವ 8.5ರ ಮಿತಿಯನ್ನೂ ನೀವೇ ದಾಟಿದಂತಾಗುತ್ತದೆ.

ಆರ್ಸೆನಿಕ್‌ಗೆ ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿ, ಪಿಎಚ್ ಅನ್ನು 6ರಿಂದ 7ರ ನಡುವೆ ಹಿಡಿದು, ಹುಟ್ಟುವ ಕಬ್ಬಿಣದ ಗಸಿಯೊಂದಿಗೆ ಅದನ್ನು ಇಳಿಸುವುದು ಬಹುಕಾಲದಿಂದ ಬಳಕೆಯಲ್ಲಿರುವ ವಿಧಾನ. ಇದನ್ನು ಹೊಂಡದೊಳಗೆ ಮಾಡದೆ, ಹೊರಹೋಗುವ ನೀರಿಗೆಂದೇ ಕಟ್ಟಿದ ಕ್ಲಾರಿಫೈಯರ್‌ನಲ್ಲಿ (ಗಸಿಯನ್ನು ತಳಕ್ಕಿಳಿಸಿ ಬೇರ್ಪಡಿಸುವ ತೊಟ್ಟಿಯಲ್ಲಿ) ಮಾಡಬೇಕು, ಏಕೆಂದರೆ ಗಸಿ ಹೊಂಡದಲ್ಲೇ ಉಳಿದರೆ ವಿಷವೂ ಅಲ್ಲೇ ಉಳಿಯುತ್ತದೆ. ಸೆಲೆನಿಯಂ ಇನ್ನಷ್ಟು ಹಟಮಾರಿ. ಅದರ ಸೆಲೆನೈಟ್ ರೂಪ ಕಬ್ಬಿಣಕ್ಕೆ ಅಂಟುತ್ತದೆ, ಸೆಲೆನೇಟ್ ರೂಪ ಬಹುಮಟ್ಟಿಗೆ ಅಂಟುವುದಿಲ್ಲ; ಎರಡನೆಯದಕ್ಕೆ ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಂದ ನೀರಿನಲ್ಲಿ ಕರಗದ ಧಾತುರೂಪಕ್ಕೆ ಇಳಿಸುವ ವ್ಯವಸ್ಥೆ ಬೇಕಾಗುತ್ತದೆ. ಆದ್ದರಿಂದ ಮುಂದಿನ ಪರೀಕ್ಷೆಯಲ್ಲಿ ಒಟ್ಟು ಸೆಲೆನಿಯಂ ಜೊತೆಗೆ ಯಾವ ರೂಪ ಎಷ್ಟಿದೆ ಎಂಬುದನ್ನೂ ಕೇಳಿ. ಕರಗಿದ ಲೋಹಗಳ ಮಾದರಿಯನ್ನು ಸ್ಥಳದಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ನೈಟ್ರಿಕ್ ಆಮ್ಲದಿಂದ ಪಿಎಚ್ 2ಕ್ಕಿಂತ ಕೆಳಗಿಳಿಸಿ ಕಳುಹಿಸಿದ್ದಿರಾ? ಸೋಸದೆ ಆಮ್ಲ ಹಾಕಿದ್ದರೆ ಬೂದಿಯ ಕಣಗಳೊಳಗಿನ ಲೋಹವೂ ಲೆಕ್ಕಕ್ಕೆ ಸೇರಿಕೊಂಡಿರುತ್ತದೆ. (ಈ ಒಂದು ತಪ್ಪಿನಿಂದಾಗಿ ನಾನು ಒಮ್ಮೆ ಮೂರು ತಿಂಗಳ ಅಂಕಿಗಳನ್ನು ಕೈಬಿಡಬೇಕಾಯಿತು.)

ಉತ್ತರ 2 (ಜಲಜೀವಿಗಳ ಅಧ್ಯಯನಕಾರ)

ನಿಮ್ಮ ಎರಡನೆಯ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ನಮ್ಮ ದೇಶದ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಬಾಯ್ಲರ್‌ನಿಂದ ಬಿಡುವ ನೀರಿಗೆ ತಾಮ್ರ ಮತ್ತು ಕಬ್ಬಿಣದ ಮಿತಿಯಿದೆ, ಕೂಲಿಂಗ್ ಟವರ್‌ನ ನೀರಿಗೆ ಸತು ಮತ್ತು ಕ್ರೋಮಿಯಂನ ಮಿತಿಯಿದೆ. ಆದರೆ ಬೂದಿ ಹೊಂಡದ ನೀರಿಗೆ ಹೇಳಿರುವುದು ಪಿಎಚ್ 6.5ರಿಂದ 8.5, ತೇಲುಘನ ಲೀಟರಿಗೆ 100 ಮಿಲಿಗ್ರಾಂ, ಎಣ್ಣೆ-ಜಿಡ್ಡು 20 ಮಿಲಿಗ್ರಾಂ, ಇಷ್ಟನ್ನೇ. ಹಾಗಾಗಿ ವರದಿ ಮಿತಿಯೊಳಗಿದೆ ಎಂದರೆ ಲೋಹಗಳ ಬಗ್ಗೆ ಯಾರೂ ಕೇಳಿಲ್ಲ ಎಂದಷ್ಟೇ ಅರ್ಥ.

ಅಮೆರಿಕದ ಉತ್ತರ ಕೆರೊಲಿನಾದ ಬೆಲ್ಯೂಸ್ ಸರೋವರಕ್ಕೆ 1974ರಿಂದ 1985ರವರೆಗೆ ಕಲ್ಲಿದ್ದಲು ಸ್ಥಾವರವೊಂದರ ಬೂದಿ ಹೊಂಡದ ನೀರು ಸೇರುತ್ತಿತ್ತು. ಅಲ್ಲಿನ 20 ಜಾತಿಯ ಮೀನುಗಳಲ್ಲಿ 19 ಜಾತಿಗಳು ಇಲ್ಲವಾದವು. ಸರೋವರದ ನೀರಿನಲ್ಲಿದ್ದ ಸೆಲೆನಿಯಂ ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಮಾತ್ರ, ಅಂದರೆ ನಮ್ಮ ಕುಡಿಯುವ ನೀರಿನ ಮಾನಕ ಒಪ್ಪುವಷ್ಟೇ. ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ ಏರುತ್ತಾ ಹೋದ ಅದು ಮೀನಿನ ಮೊಟ್ಟೆಗಳಲ್ಲಿ ಶೇಖರವಾಗಿ ಮರಿಗಳು ವಿಕಾರಗೊಂಡವು. ದೊಡ್ಡ ಮೀನುಗಳು ಈಜುತ್ತಲೇ ಇದ್ದರೂ ಸಂತತಿ ನಿಂತುಹೋಯಿತು. ಹೀಗಾಗಿಯೇ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಸೆಲೆನಿಯಂ ಮಾನದಂಡವನ್ನು ಮುಖ್ಯವಾಗಿ ಮೀನಿನ ಮೊಟ್ಟೆ ಮತ್ತು ಮೈಯೊಳಗಿನ ಅಂಶದ ಮೇಲೆ ನಿಗದಿಪಡಿಸಿ, ನಿಂತ ನೀರಿಗೆ ಲೀಟರಿಗೆ 1.5 ಮೈಕ್ರೋಗ್ರಾಂ ಎಂದಿತು. ನಿಮ್ಮ ಹಳ್ಳ ಯಾವುದಾದರೂ ಕೆರೆಗೆ ಸೇರುತ್ತದೆಯೇ ಎಂಬುದನ್ನು ನೋಡಿ. ಹರಿಯುವ ಹಳ್ಳಕ್ಕಿಂತ ನಿಂತ ಕೆರೆಯ ಹೂಳಿನಲ್ಲಿ ಅಪಾಯ ಹೆಚ್ಚು.

ಉತ್ತರ 3 (ಅಂತರ್ಜಲ ತಜ್ಞೆ)

ಮೇಲಿನ ಇಬ್ಬರೂ ಕೋಡಿಯ ನೀರನ್ನಷ್ಟೇ ನೋಡಿದ್ದಾರೆ. ತಳದಿಂದ ಇಂಗುವ ನೀರಿಗೆ ಕೋಡಿ ಬೇಕಿಲ್ಲ. ಹೊಂಡಕ್ಕೆ ಒಳಹೊದಿಕೆ ಇಲ್ಲದಿದ್ದರೆ ವರ್ಷವಿಡೀ ಇಂಗುತ್ತಲೇ ಇರುತ್ತದೆ. ಇದನ್ನು ಪತ್ತೆಹಚ್ಚಲು ಬೋರಾನ್ ಮತ್ತು ಸಲ್ಫೇಟ್ ಒಳ್ಳೆಯ ಗುರುತುಗಳು, ಏಕೆಂದರೆ ಅವು ಮಣ್ಣಿಗೆ ಹೆಚ್ಚು ಅಂಟದೆ ನೀರಿನೊಂದಿಗೇ ಸಾಗುತ್ತವೆ ಮತ್ತು ಆರ್ಸೆನಿಕ್‌ಗಿಂತ ಬಹಳ ಮೊದಲೇ ಬಾವಿಯನ್ನು ತಲುಪುತ್ತವೆ. ಹೊಂಡದ ಮೇಲ್ಭಾಗದಲ್ಲಿ ಒಂದು, ಇಳಿಜಾರಿನ ಕಡೆ ಕನಿಷ್ಠ ಮೂರು ನಿಗಾ ಬಾವಿಗಳನ್ನು ತೋಡಿಸಿ, ಮುಂಗಾರಿನ ಮೊದಲೂ ನಂತರವೂ ಅಳೆಯಿರಿ. ಮೇಲಿನ ಬಾವಿಯ ಅಂಕಿಯಿಲ್ಲದೆ ಕೆಳಗಿನ ಬಾವಿಯ ಅಂಕಿಯನ್ನು ಮುಂದಿಟ್ಟರೆ, ಅದು ನೆಲದ ಸಹಜ ಗುಣ ಎಂದು ಹೇಳಿ ಕಡತ ಮುಚ್ಚುವುದು ಸುಲಭ.

ಸಂಸ್ಕರಣೆಗಿಂತ ಅಗ್ಗದ ದಾರಿ, ಹೊಂಡಕ್ಕೆ ಹೋಗುವ ನೀರನ್ನೇ ಕಡಿಮೆ ಮಾಡುವುದು. ಹಾರುಬೂದಿಯನ್ನು ಒಣದಾಗಿಯೇ ಸೈಲೋದಲ್ಲಿ (ಎತ್ತರದ ಮುಚ್ಚಿದ ಕಣಜದಲ್ಲಿ) ಹಿಡಿದು ಸಿಮೆಂಟ್ ಕಾರ್ಖಾನೆಗೆ ಕಳುಹಿಸಿದರೆ ಕರಗುವ ಅವಕಾಶವೇ ಅದಕ್ಕಿರುವುದಿಲ್ಲ. ಬೂದಿಯ ಪೂರ್ಣ ಬಳಕೆಯನ್ನು ಕಡ್ಡಾಯಗೊಳಿಸುವ ಕೇಂದ್ರದ ಅಧಿಸೂಚನೆ 2021ರ ಡಿಸೆಂಬರ್ 31ರಂದೇ ಹೊರಬಿದ್ದಿದೆ, ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಅದನ್ನು ಉಲ್ಲೇಖಿಸಿದರೆ ಅಧಿಕಾರಿಗಳಿಗೂ ಒಪ್ಪಿಕೊಳ್ಳಲು ಒಂದು ಕಾರಣ ಸಿಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲ ಹಿರಿಯರಿಗೂ ವಂದನೆಗಳು. ಮಾದರಿಯನ್ನು ಸೋಸಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಈ ವಾರವೇ ಮತ್ತೆ ತೆಗೆಯುತ್ತೇನೆ. ಹಳ್ಳವು ನಾಲ್ಕು ಕಿಲೋಮೀಟರ್ ಕೆಳಗೆ ಕೆರೆಯೊಂದನ್ನು ಸೇರುತ್ತದೆ, ಅಲ್ಲಿ ಮೀನು ಸಾಕಣೆಯ ಗುತ್ತಿಗೆಯೂ ನಡೆಯುತ್ತಿದೆ. ಕೆರೆಯ ಹೂಳು ಮತ್ತು ಮೀನಿನ ಮಾದರಿ ತೆಗೆಯಲು ಅನುಮತಿ ಕೋರಿ ಬರೆದ ಟಿಪ್ಪಣಿಯನ್ನು ಇಂದು ಸಲ್ಲಿಸಿದ್ದೇನೆ. ಸುಣ್ಣದ ಖರೀದಿಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.