ಪದಚರ್ಚೆ: ಪೊರೆ ಬಂದವರನ್ನು ‘ಅಂಧರು’ ಅನ್ನಬಹುದೇ?

ಗೆಳೆಯರೇ,

ಕುಮಟಾ ಹತ್ತಿರದ ಊರೊಂದರಲ್ಲಿ ಕಣ್ಣಿನ ತಪಾಸಣೆ ಶಿಬಿರ ಇದೆ. ಕರಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಿಂದಿನ ಕರಪತ್ರದ ತಲೆಬರಹ ‘ಅಂಧತ್ವ ನಿವಾರಣಾ ಶಿಬಿರ’. ಅದನ್ನು ಮೀನು ಮಾರುವ ಅಜ್ಜಿಯೊಬ್ಬರಿಗೆ ಓದಿ ಹೇಳಿದೆ. ಅವರು ನೋಟನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಬಂಗಡೆ ತಾಜಾ ಹೌದೋ ಅಲ್ಲವೋ ಅಂತ ಬೆರಳಲ್ಲೇ ಒತ್ತಿ ತಿಳಿಯುತ್ತಾರೆ. ‘ಅದು ಕುರುಡರಿಗೆ ಅಲ್ವಾ? ನಂಗೆ ಬರೀ ಮಂಜು’ ಅಂದು ಬುಟ್ಟಿ ಎತ್ತಿಕೊಂಡರು.

ಸರ್ಕಾರದ ಲೆಕ್ಕದಲ್ಲಿ ಅವರು ಅಂಧರೇ ಇರಬಹುದು. ಕನ್ನಡಕ ಹಾಕಿಯೂ, ಎರಡರಲ್ಲಿ ಚೆನ್ನಾಗಿರುವ ಕಣ್ಣಿಂದಲೂ, 3 ಮೀಟರ್ ದೂರದ ಬೆರಳು ಎಣಿಸಲಾಗದಿದ್ದರೆ ಹೆಚ್ಚುಕಮ್ಮಿ ಅದೇ ಅಂಧತ್ವ. 2017ರ ತನಕ ನಮ್ಮ ದೇಶದಲ್ಲಿ ಈ ಗೆರೆ 6 ಮೀಟರಿಗೆ ಇತ್ತು. ಗೆರೆ ಸರಿದಾಗ ಎಷ್ಟೋ ಜನ, ಕಣ್ಣು ಒಂಚೂರೂ ಸುಧಾರಿಸದೆ, ಪಟ್ಟಿಯಿಂದ ಹೊರಬಿದ್ದರು! ಆಡುಮಾತಿನ ‘ಕುರುಡು’ ಹೀಗೆ ಸರಿದಾಡುವುದಿಲ್ಲ. ಏನೂ ಕಾಣದು, ಇನ್ನು ಕಾಣುವುದೂ ಇಲ್ಲ ಎಂಬ ಅರ್ಥವೇ ಜನರಿಗೆ ತಟ್ಟುವುದು. ಆದರೆ 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪೊರೆಯಿಂದ ಬಂದದ್ದು. ಆಪರೇಷನ್ ಮಾಡಿದರೆ ಹೋಗುವಂಥದ್ದು.

ಇರುಳುಗುರುಡು, ಬಣ್ಣಗುರುಡು ಇದ್ದ ಹಾಗೆ ‘ಪೊರೆಗುರುಡು’ ಅನ್ನಬಹುದು. ಲೇಖನಕ್ಕೆ ಸರಿ, ಕರಪತ್ರಕ್ಕೆ ಬೇಡ. ಅಜ್ಜಿ ಮತ್ತೆ ಬುಟ್ಟಿ ಎತ್ತುತ್ತಾರೆ.

‘ಪೊರೆ’ಗೂ ಒಂದು ತೊಡಕಿದೆ. ಹಾವಿನ ಪೊರೆಯಂತೆ ಕಣ್ಣ ಮೇಲೆ ಏನೋ ಬೆಳೆದಿದೆ, ಸುಲಿದರಾಯ್ತು ಅನ್ನಿಸುತ್ತದೆ. ನಿಜಕ್ಕೂ ಮಸುಕಾಗುವುದು ಕಣ್ಣೊಳಗಿನ ಲೆನ್ಸ್. ಅದನ್ನು ತೆಗೆದು ಬೇರೆಯದನ್ನು ಕೂರಿಸುತ್ತಾರೆ. ‘ಪೊರೆ ಬಲಿಯಲಿ, ಆಮೇಲೆ ನೋಡೋಣ’ ಎಂಬ ಮಾತಂತೂ ಇನ್ನೂ ಹೋಗಿಲ್ಲ. ಈಗ ಬಲಿಯುವ ತನಕ ಕಾಯಬೇಕಿಲ್ಲ. ಜಾಸ್ತಿ ಬಲಿತರೆ ಆಪರೇಷನ್ನೇ ಕಷ್ಟ.

ನನ್ನ ಒಲವು ‘ಕಣ್ಣು ಮಂಜಾಗಿದೆಯೇ?’ ಎಂಬ ತಲೆಬರಹದ ಕಡೆ. ಆದರೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರಲ್ಲಿ ಬಹಳ ಜನರಿಗೆ ಮೊದಮೊದಲು ಮಂಜೂ ಇಲ್ಲ, ನೋವೂ ಇಲ್ಲ. ಬದಿಯ ನೋಟ ಸದ್ದಿಲ್ಲದೆ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಅವರನ್ನು ಯಾವ ಮಾತಿನಲ್ಲಿ ಕರೆಯೋಣ? ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಎದುರಿಗೆ ಕಂಡು ಬದಿಗೆ ಕಾಣದ್ದಕ್ಕೆ ಏನಂತೀರಿ? ಕಾರವಾರದ ಕೊಂಕಣಿ ಮನೆಗಳಲ್ಲಿ ಮಾತು ಇದ್ದರೆ ಅದನ್ನೂ ತಿಳಿಸಿ.