ಅಪ್‌ಡೇಟ್: ಸ್ಕೈರಿಮ್ ಚೀಸ್ ಚಕ್ರಗಳನ್ನ ಏನ್ ಮಾಡ್ದೆ ಅಂದ್ರೆ

ಹೋದ ವಾರ ಕೇಳಿದ್ನಲ್ಲ, ಸ್ಕೈರಿಮ್ ಅನ್ನೋ ವಿಡಿಯೋ ಗೇಮಲ್ಲಿ ಸಿಕ್ಕ ಸಿಕ್ಕ ಚೀಸ್ ಎಲ್ಲಾ ಎತ್ತಾಕೊಂಡು ಭಾರ ಜಾಸ್ತಿ ಆಗಿ ಓಡೋಕೇ ಆಗ್ತಿಲ್ಲ, ಇಟ್ಕೊಳ್ಳೋದಾ ಬಿಸಾಕೋದಾ ಅಂತ. ಬಿಸಾಕ್ಬೇಡ, ಎಲ್ಸ್‌ವೇರ್ ಫಾಂಡ್ಯೂ (ಆಟದಲ್ಲೇ ಬೇಯಿಸೋ ಒಂದು ಚೀಸ್ ಅಡುಗೆ) ಮಾಡು ಅಂದವ್ರಿಗೆ ದೊಡ್ಡ ಥ್ಯಾಂಕ್ಸ್.

ಮಾಡ್ದೆ. ಒಂದು ಏಲ್ (ಬಿಯರ್ ಥರದ್ದು), ಒಂದು ಮೂನ್ ಶುಗರ್, ಒಂದು ಐಡಾರ್ ಚೀಸ್ ಚಕ್ರ, ಅದೂ ಇಡೀದೇ ಬೇಕು, ನಾನು ಕತ್ತರಿಸಿದ ತುಂಡು ಇಟ್ಕೊಂಡು ಪಾತ್ರೆ ಮುಂದೆ ಹತ್ತು ನಿಮಿಷ ತಲೆ ಕೆರ್ಕೊಂಡಿದ್ದೆ. ಮೂನ್ ಶುಗರ್ ಖಜೀತ್ ಅನ್ನೋ ಬೆಕ್ಕಿನಂಥ ಜನಾಂಗದ ವ್ಯಾಪಾರಿಗಳ ಹತ್ರ ಸಿಕ್ತು. ತಿಂದ್ರೆ ಮ್ಯಾಜಿಕಾ (ಮಂತ್ರ ಹಾಕೋ ಶಕ್ತಿ) 100 ಜಾಸ್ತಿ, ಅದು ವಾಪಸ್ ತುಂಬೋ ಸ್ಪೀಡೂ 25% ಜಾಸ್ತಿ, 720 ಸೆಕೆಂಡ್ ಅಂದ್ರೆ ಪೂರ್ತಿ 12 ನಿಮಿಷ! ಮಂತ್ರವಾದಿ ಆಡೋರಿಗೆ ಇದು ಹಬ್ಬ ಕಣ್ರಿ, ಕೊಡಲಿ ಹಿಡ್ಕೊಂಡು ಓಡಾಡೋರಿಗೆ ಅಷ್ಟೇನಿಲ್ಲ.

ಮೇಕೆ ಚೀಸ್ ಮಾತ್ರ ಇದಕ್ಕೆ ಆಗಲ್ಲ, ಅದನ್ನ ಜೀವ ತುಂಬ್ಕೊಳ್ಳೋಕೆ ಫೈಟ್ ಮಧ್ಯೆ ಮೆನು ತೆಗ್ದು ಒಂದಾದ್ಮೇಲೆ ಒಂದು ನುಂಗ್ತಿದೀನಿ, ಆಟ ನಿಂತಿರುತ್ತಲ್ಲ, ಡ್ರ್ಯಾಗನ್ ಪಾಪ ಬಾಯಿ ತೆಕ್ಕೊಂಡೇ ಕಾಯ್ತಿರುತ್ತೆ 😂

ಆಮೇಲೆ ದೈತ್ಯರ ಕ್ಯಾಂಪಲ್ಲಿ ಮ್ಯಾಮತ್ ಚೀಸ್ ಬಟ್ಟಲು ಇದೆ ಅಂದಿದ್ರಲ್ಲ, ಕದಿಯೋಕೆ ಹೋಗಿ ಒಂದೇ ಏಟಿಗೆ ಆಕಾಶಕ್ಕೆ ಹಾರ್ದೆ. ಚೀಸ್‌ಗೋಸ್ಕರ ಸತ್ತಿದ್ದು ಮೂರನೇ ಸಲ.

ಇದೇ ಗುಂಗಲ್ಲಿ ಇದೇ ಸರಣಿಯ ಹಿಂದಿನ ಆಟ, 2006ರ ಆಬ್ಲಿವಿಯನ್ ಮತ್ತೆ ಹಾಕ್ದೆ, ಅಲ್ಲಿ ಶಿಯೋಗೊರಾತ್ ಅನ್ನೋ ಹುಚ್ಚು ದೇವರು ಕೊಡೋ ಕ್ವೆಸ್ಟಲ್ಲಿ (ಆಟದೊಳಗಿನ ಕೆಲಸ) ಓಲ್‌ರಾಯ್ ಅನ್ನೋ ನಾರೋ ಚೀಸಿಂದ ಊರಿಗೆಲ್ಲಾ ಇಲಿ ಕರೆಸ್ಬೇಕು. ಸ್ಕೈರಿಮ್ ಚೀಸಿಗೆ ಇಂಥ ಕ್ವೆಸ್ಟ್ ಒಂದೂ ಕೊಟ್ಟಿಲ್ವಲ್ಲ ಅಂತ ಬೇಜಾರಾಯ್ತು. ಉಳಿದ ಚಕ್ರಗಳನ್ನ ಮನೆ ಮೆಟ್ಟಿಲ ಮೇಲಿಂದ ಉರುಳಿಸ್ತಾ ಕೂತಿದೀನಿ.