ಅಪ್‌ಡೇಟ್: ಬೋಟ್ ಎಂಜಿನ್ನಿಗೆ ಕಾರಿನ ಆಯಿಲ್ ಸಾಕೇ ಎಂದು ಕೇಳಿದ್ದೆ

ಮೈಸೂರಿನ ಹತ್ತಿರದ ವರುಣಾ ಕೆರೆಯಲ್ಲಿ ಓಡುವ ನಮ್ಮ ಸ್ಪೀಡ್ ಬೋಟಿನ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗೆ ಜೋಡಿಸುವ) ಎಂಜಿನ್ನಿಗೆ ಕಾರಿನ ಆಯಿಲ್, ಕಾರಿನ ಫಿಲ್ಟರ್ ಸಾಕಾಗುವುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿ ಎಂದು ಹಿರಿಯರೊಬ್ಬರು ಸೂಚಿಸಿದ್ದರು, ಹಾಗೆಯೇ ಮಾಡಿದೆ. ಒಳಗಿನ ಕಾಗದದ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಅಪ್ಪಳದಂತೆ ಗಡುಸಾಗಿತ್ತು.

ಕಾರು ಹೆದ್ದಾರಿಯಲ್ಲೂ ಸಾಮಾನ್ಯವಾಗಿ ಎರಡು ಮೂರು ಸಾವಿರ ಆರ್‌ಪಿಎಮ್‌ನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು) ಹಗುರವಾಗಿ ಓಡಿದರೆ, ಬೋಟಿನ ಎಂಜಿನ್ ಐದು ಸಾವಿರದ ಆಸುಪಾಸಿನಲ್ಲಿ ಬಹಳ ಹೊತ್ತು ಪೂರ್ಣ ಭಾರ ಹೊರುತ್ತದೆ. ಜೊತೆಗೆ ಕೆರೆಯ ತಣ್ಣೀರಿನಿಂದಲೇ ತಂಪಾಗುವುದರಿಂದ, ನಿಧಾನವಾಗಿ ಓಡಿಸುವಾಗ ಎಂಜಿನ್ ಸಾಕಷ್ಟು ಬಿಸಿಯಾಗದೆ, ಸುಡದ ಪೆಟ್ರೋಲ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ನಮ್ಮ ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರಿತ್ತು, ಪೆಟ್ರೋಲ್ ವಾಸನೆಯೂ ಇತ್ತು. (ಆಯಿಲ್ ಕುಡಿಯದ ಎಂಜಿನ್ ಎಂದು ನಾನು ಬೀಗುತ್ತಿದ್ದೆ!)

ಆದ್ದರಿಂದ ತುಕ್ಕು ತಡೆಯುವ ಗುಣಕ್ಕೂ ಪರೀಕ್ಷೆಯಾದ, ಎಫ್‌ಸಿ-ಡಬ್ಲ್ಯೂ ಗುರುತಿನ (ಫೋರ್ ಸ್ಟ್ರೋಕ್ ಬೋಟ್ ಎಂಜಿನ್ನಿನ ಆಯಿಲಿಗೆ ಕೊಡುವ ಪ್ರಮಾಣಪತ್ರ) 10ಡಬ್ಲ್ಯೂ-30 ದಪ್ಪದ ಆಯಿಲನ್ನೂ, ಕೈಪಿಡಿಯಲ್ಲಿ ಹೇಳಿದ ಸಂಖ್ಯೆಯ ಫಿಲ್ಟರನ್ನೂ ತರಿಸಿದೆ. ಕಾರಿನ ಫಿಲ್ಟರಿನ ಚೂಡಿ (ತಿರುಗಿಸಿ ಕೂರಿಸುವ ಥ್ರೆಡ್) ಹೊಂದಿದರೂ, ಫಿಲ್ಟರ್ ಕಟ್ಟಿಕೊಂಡಾಗ ಆಯಿಲನ್ನು ಸೋಸದೆಯೇ ಹಾಯಲು ಬಿಡುವ ಬೈಪಾಸ್ ವಾಲ್ವ್ ತೆರೆಯುವ ಒತ್ತಡ ಬೇರೆಯಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಇಪ್ಪತ್ತು ಗಂಟೆ ಓಡಿಸಿದ ಮೇಲೂ ಮಟ್ಟ ಏರಿಲ್ಲ.